ಹೊಸ ಜೋಳ, ಹಳೇ ಜೋಳ: ಎರಡು ಬಿಳಿಗಳ ನಡುವೆ ಎರಡು ತಿಂಗಳು

ಮೊನ್ನೆ ಮಧ್ಯಾಹ್ನ ಪೇಂಟರ್ ಚಾಚಾ ಕೊನೆಯ ಏಣಿಯನ್ನು ಆಟೋದ ಮೇಲೆ ಕಟ್ಟಿಕೊಂಡು ಹೋದರು. ಸ್ವಿಚ್‌ಬೋರ್ಡುಗಳ ಸುತ್ತ ಅಂಟಿಸಿದ್ದ ಟೇಪು ಕಿತ್ತಾಯಿತು, ನೆಲಕ್ಕೆ ಬಿದ್ದ ಹನಿಗಳನ್ನು ತೆಂಗಿನ ನಾರಿನಿಂದ ತಿಕ್ಕಿ ತೆಗೆದಾಯಿತು. ಸಂಕ್ರಾಂತಿ ಮುಗಿದ ವಾರ ಶುರುವಾದದ್ದು, ಉಗಾದಿಗೆ ನಾಲ್ಕು ದಿನ ಇದೆ ಎನ್ನುವಾಗ ಮುಗಿಯಿತು. ಇಷ್ಟರಲ್ಲಿ ಗೋಡೆ ಕೆಲಸ ನಡೆದದ್ದು ಮೂರು ವಾರವೂ ಇಲ್ಲ. ಉಳಿದದ್ದು ಎರಡು ಬಿಳಿ ಬಣ್ಣಗಳಲ್ಲಿ ಯಾವುದು ಎಂದು ತಲೆ ಕೆಡಿಸಿಕೊಂಡದ್ದು, ಆಮೇಲೆ ಕಾದದ್ದು. ನೀಲಿಯೋ ಹಸಿರೋ ಆಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲಿಕ್ಕಾದರೂ ಮುಖ ಇರುತ್ತಿತ್ತು. ಬಿಳಿಯಲ್ಲಿ ಆರಿಸುವುದೇನಿದೆ ಎಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಜನವರಿಯಲ್ಲಿ ನಾನೂ ಹಾಗೇ ನಗುತ್ತಿದ್ದೆ.

ನಮ್ಮದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮಾವನವರು 1987ರಲ್ಲಿ ಕಟ್ಟಿಸಿದ ಮನೆ. ಹಾಲಿಗೆ, ಅದಕ್ಕೆ ಹೊಂದಿದ ಮುಂದಿನ ಕೋಣೆಗೆ ರೆಡ್ ಆಕ್ಸೈಡ್ ನೆಲ. ಮೂವತ್ತೆಂಟು ವರ್ಷ ಒರೆಸಿ ಒರೆಸಿ ಕನ್ನಡಿ ಹಾಗೆ ಆಗಿದೆ. ಹಿಂದಿನ ಎರಡು ಕೋಣೆಗಳಿಗೆ ಬೂದು ಬಣ್ಣದ ತಾಡಪತ್ರಿ ಕಲ್ಲು. ನೆಲದ ವಿಷಯ ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ನನಗೆ ಇದು ಮೊದಲೇ ಹೊಳೆದಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಗೋಡೆಗೆ ಬಣ್ಣ ಹುಡುಕುತ್ತ ಗೋಡೆಯನ್ನೇ ನೋಡಿದೆ. ಕಾಲ ಕೆಳಗೆ ನೋಡಲಿಲ್ಲ.

ಹದಿಮೂರು ವರ್ಷದ ಹಿಂದೆ ಹಾಲಿಗೆ ಪಿಸ್ತಾ ಹಸಿರು ಬಳಿಸಿ, ಟಿವಿ ಇರುವ ಗೋಡೆಗೆ ಕಿತ್ತಳೆ ಹೊಡೆಸಿದ್ದೆವು. ಆಗ ಎಲ್ಲರ ಮನೆಯಲ್ಲೂ ಒಂದು ಗೋಡೆಗೆ ಬೇರೆ ಬಣ್ಣ. ಮೂರೇ ವರ್ಷಕ್ಕೆ ಆ ಕಿತ್ತಳೆ ಕಂಡರೆ ಸೆಕೆ ಹೆಚ್ಚಾದಂತೆ ಅನಿಸತೊಡಗಿತು. ಬಳ್ಳಾರಿ ಬೇಸಿಗೆಗೆ ಸಹಾಯ ಬೇಕಿಲ್ಲ. ಈ ಸಲ ಇಡೀ ಮನೆಗೆ ಒಂದೇ ತಿಳಿ ಬಣ್ಣ, ಕಣ್ಣಿಗೆ ತಂಪು, ಅಷ್ಟೇ ಎಂದು ನಾನೂ ನಮ್ಮನೆಯವರೂ ಒಂದೇ ಮಾತಿಗೆ ಒಪ್ಪಿದೆವು. ನಾವಿಬ್ಬರೂ ಒಪ್ಪಿದ್ದು ಅದೊಂದೇ ಸಲ.

ಬೆಂಗಳೂರು ರೋಡಿನ ಪೇಂಟ್ ಅಂಗಡಿಗೆ ಹೋದೆವು. ಕೌಂಟರಿನ ಹುಡುಗ ಬೀಸಣಿಗೆಯಂಥ ಶೇಡ್ ಕಾರ್ಡ್ ಬಿಚ್ಚಿ ಬಿಳಿಗಳ ಪಟ್ಟಿಗಳನ್ನೇ ಹರಡಿದ. ಹಳದಿ ಕಡೆ ವಾಲಿದ ಬಿಳಿ, ಗುಲಾಬಿ ಕಡೆ ವಾಲಿದ್ದು, ಹಸಿರು ಬೆರೆತದ್ದು, ಬೂದಿ ಬೆರೆತದ್ದು. ಒಂದೊಂದನ್ನೇ ನೋಡಿದರೆ ಎಲ್ಲವೂ ಬಿಳಿ, ಪಕ್ಕಪಕ್ಕ ಇಟ್ಟರೆ ಒಂದೂ ಬಿಳಿಯಲ್ಲ. ಒಂದು ಗಂಟೆ ನಿಂತು ಎರಡಕ್ಕೆ ಇಳಿಸಿದೆವು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ. ಹುಡುಗನೂ "ಅಕ್ಕಾ, ಎರಡೂ ಒಂದೇ, ಯಾವುದಾದ್ರೂ ತಗೋರಿ" ಎಂದ. ಆ ಮಾತು ಕೇಳಿ ಅಲ್ಲೇ ಒಂದನ್ನು ತಗೊಂಡು ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಕಾರ್ಡಿನ ಎರಡು ಚೂರು ಕತ್ತರಿಸಿಕೊಡಪ್ಪ, ಮನೆಯಲ್ಲಿ ನೋಡಿ ಹೇಳ್ತೀವಿ ಎಂದೆ.

ಮನೆಗೆ ಬಂದು ಚೂರುಗಳನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಇದು ಹೊಸಾ ಜ್ವಾಳದ ಹಿಟ್ಟು, ಇದು ಹಳೇ ಜ್ವಾಳದ್ದು" ಎಂದರು. ಅವತ್ತಿನಿಂದ ಮನೆಯಲ್ಲಿ ಅವಕ್ಕೆ ಅದೇ ಹೆಸರು. ಕಾರ್ಡಿನ ಮೇಲಿನ ನಂಬರ್ ಬಿಟ್ಟು ಹೋಯಿತು. ಜೋಳದ ರೊಟ್ಟಿ ತಟ್ಟಿದ ಕೈ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಜೋಳದ ಹಿಟ್ಟು ತೆಳ್ಳಗೆ ಬೆಳ್ಳಗಿರುತ್ತದೆ, ಹಳೇದಕ್ಕೆ ಒಂದು ಮಂಕು, ಎಲ್ಲೋ ಒಂದು ಎಳೆ ಕೆಂಪು. ಹಳೇದಕ್ಕೆ ಜಿಗಿ ಇರುವುದಿಲ್ಲ, ತಟ್ಟಿದರೆ ಅಂಚು ಒಡೆಯುತ್ತದೆ. ಗೋಡೆಗೆ ಜಿಗಿಯ ಚಿಂತೆ ಇಲ್ಲವಲ್ಲ ಎಂದು ನಮ್ಮನೆಯವರು ತಮಾಷೆ ಮಾಡಿದರು.

ಅತ್ತೆಯ ಕಣ್ಣಿನ ಮಾತು ಇಲ್ಲಿ ಹೇಳಬೇಕು. ಡಿಸೆಂಬರಿನಲ್ಲಿ ಅವರ ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಎಡಗಣ್ಣಿನ ಪೊರೆ ಇನ್ನೂ ಹಾಗೇ ಇದೆ. ಪಟ್ಟಿ ಬಿಚ್ಚಿದ ಮರುದಿನ ಲೋಟದ ಹಾಲು ನೋಡಿ "ಹಾಲು ಇಷ್ಟು ಬೆಳ್ಳಗ ಇರ್ತೈತಾ?" ಎಂದು ಕೇಳಿದ್ದರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ಅದನ್ನು ತೆಗೆದು ಸ್ವಚ್ಛ ಮಸೂರ ಕೂಡಿಸಿದಾಗ ಬಿಳಿ ಎನ್ನುವುದೇ ಬೇರೆಯಾಗಿ ಕಾಣುತ್ತದೆ. ಒಂಬತ್ತನೇ ತರಗತಿಗೆ ವಿಜ್ಞಾನ ಹೇಳುವ ನನಗೆ ಇದು ಪುಸ್ತಕದಲ್ಲಿ ಗೊತ್ತಿತ್ತು. ನಮ್ಮ ಮನೆಯೊಳಗೇ ಪ್ರಯೋಗ ಆಗುತ್ತದೆಂದು ಗೊತ್ತಿರಲಿಲ್ಲ. ಅತ್ತೆ ಬಲಗಣ್ಣು ಮುಚ್ಚಿ ಚೂರುಗಳನ್ನು ನೋಡಿದರು: "ಒಂದ". ಎಡಗಣ್ಣು ಮುಚ್ಚಿದರು: "ಬ್ಯಾರೆ". ನಾಲ್ಕೈದು ಸಲ ಹಾಗೇ ಅದಲುಬದಲು ಮಾಡಿ ಅವರಿಗೇ ನಗು ಬಂತು.

ಆಮೇಲೆ ನಾನು ಮೊದಲ ತಪ್ಪು ಮಾಡಿದೆ. ಚೂರುಗಳನ್ನು ಪಿಸ್ತಾ ಹಸಿರಿನ ಗೋಡೆಗೇ ಅಂಟಿಸಿದೆ. ಎರಡೂ ಗುಲಾಬಿ! ಬೇಡವೇ ಬೇಡ ಎಂದು ರಾತ್ರಿ ಮಲಗಿದೆ. ಬೆಳಿಗ್ಗೆ ಕಿತ್ತಳೆ ಗೋಡೆಗೆ ಅಂಟಿಸಿದರೆ ಎರಡೂ ನೀಲಿ ಬೆರೆತಂತೆ. ಸುತ್ತಲಿನ ಬಣ್ಣ ಯಾವುದೋ, ಅದರ ಎದುರಿನ ಬಣ್ಣ ನಡುವಿನ ಬಿಳಿಯೊಳಗೆ ಇಣುಕಿದಂತೆ ನಮ್ಮ ಕಣ್ಣಿಗೆ ಕಾಣುತ್ತದೆ. ಹಳೇ ಬಣ್ಣದ ಗೋಡೆಯ ಮೇಲೆ ಇಟ್ಟು ಹೊಸ ಬಿಳಿಯನ್ನು ನೋಡಲೇಬೇಡಿ. ಮಕ್ಕಳ ಡ್ರಾಯಿಂಗ್ ಶೀಟ್ ಹಿಂದಿಟ್ಟು ನೋಡಿ. ಇನ್ನೊಂದು, ಫೋಟೋ ತೆಗೆದು ಯಾರಿಗೂ ಕಳಿಸಬೇಡಿ. ಫೋನಿನ ಕ್ಯಾಮೆರಾ ತಾನೇ ಬಿಳಿಯನ್ನು ಸರಿಮಾಡಿಕೊಳ್ಳುತ್ತದೆ. ಹೊಸಪೇಟೆಯ ನಮ್ಮಕ್ಕನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆ "ಒಂದೇ ಫೋಟೋ ಎರಡು ಸಲ ಕಳಿಸೀಯಲ್ಲೇ" ಎಂದಳು.

ಪೇಂಟರ್ ಚಾಚಾ ಕೌಲ್ ಬಜಾರಿನವರು, ನಮ್ಮ ಓಣಿಯ ಅರ್ಧ ಮನೆಗಳಿಗೆ ಬಳಿದವರು. ಅಳತೆ ಹಾಕಲು ಬಂದವರು ಕಾರ್ಡಿನ ಚೂರು ನೋಡಿ, "ಟೀಚರಮ್ಮಾ, ಇಷ್ಟು ಸಣ್ಣದರಾಗ ಏನು ಕಾಣ್ತೈತಿ? ಎರಡು ಫೂಟು ಬಳಿದು ನೋಡ್ರಿ" ಎಂದರು. ಸರಿ, ಅಂಗಡಿಗೆ ಫೋನು. ಒಂದು ಲೀಟರಿಗಿಂತ ಕಡಿಮೆ ಟಿಂಟ್ ಮಾಡಲ್ಲ, ಅಂದರೆ ಬಣ್ಣ ಬೆರೆಸಿಕೊಡಲ್ಲ ಎಂದರು. ಎರಡು ಲೀಟರಿಗೆ 1,080 ರೂಪಾಯಿ. ನೋಡುವುದಕ್ಕಷ್ಟೇ ಸಾವಿರ ರೂಪಾಯಿಯಾ ಎಂದು ಇವರು ಎರಡು ದಿನ ಮಾತು ಬಿಟ್ಟರು. ನಾನಂದುಕೊಂಡದ್ದು, ಐವತ್ತು ಸಾವಿರದ ಕೆಲಸಕ್ಕೆ ಸಾವಿರ ದುಬಾರಿಯಲ್ಲ. ಈಗಲೂ ಅದನ್ನೇ ಹೇಳುತ್ತೇನೆ.

ಟಿಂಟ್ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದು ಬಹಳ ಒಳ್ಳೆಯದಾಯಿತು. ಡಬ್ಬಿಯೊಳಗೆ ಮೊದಲೇ ಬಿಳಿ ಬೇಸ್ ಇರುತ್ತದೆ. ಕಂಪ್ಯೂಟರಿಗೆ ಶೇಡ್ ನಂಬರ್ ಹೊಡೆದರೆ ಮೇಲಿನ ಮೂತಿಗಳಿಂದ ಬಣ್ಣ ಹನಿ ಹನಿಯಾಗಿ ಬೀಳುತ್ತದೆ. ಆಮೇಲೆ ಮುಚ್ಚಳ ಬಿಗಿದು ಗಡಗಡ ಅಲುಗಿಸುವ ಮಷೀನಿಗೆ. ಹುಡುಗ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ ತೋರಿಸಿದ. ಎರಡರಲ್ಲೂ ಹಳದಿ ಆಕ್ಸೈಡು, ಚೂರು ಕಪ್ಪು, ಹೆಚ್ಚು ಕಡಿಮೆ ಅಷ್ಟಷ್ಟೇ. ಹಳೇ ಜೋಳದಲ್ಲಿ ಮಾತ್ರ ಒಂದೆರಡು ಹನಿ ಕೆಂಪು ಆಕ್ಸೈಡು. ಅಷ್ಟೇ ಫರಕು. ನನಗೆ ನಗು ಬಂತು. ಕೆಂಪು ಆಕ್ಸೈಡೆಂದರೆ ಕಬ್ಬಿಣದ ಆಕ್ಸೈಡು, ನಮ್ಮ ಸಂಡೂರು ಗುಡ್ಡಗಳ ಹೆಮಟೈಟ್ ಅದಿರಿನೊಳಗೆ ಇರುವುದೂ ಅದೇ. ಗಣಿ ಲಾರಿಗಳು ದಿನವಿಡೀ ಓಡುತ್ತಿದ್ದ ಕಾಲದಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮುಂಚೆ, ಹೊಸಪೇಟೆ ರಸ್ತೆಯ ಬದಿಯ ಮರಗಳೆಲ್ಲ ಆ ಬಣ್ಣದ್ದೇ. ಒಗೆದು ಹಾಕಿದ ಬಿಳಿ ಪಂಚೆಗೆ ಪುಕ್ಕಟೆಯಾಗಿ ಬರುತ್ತಿದ್ದ ಬಣ್ಣವನ್ನು ಇಲ್ಲಿ ಹನಿ ಲೆಕ್ಕದಲ್ಲಿ ಹಾಕಿಸಿಕೊಳ್ಳುತ್ತಿದ್ದೇನೆ.

ಗೋಡೆಯ ಮೇಲೆ ಬಳಿಯಲಿಲ್ಲ. 260 ರೂಪಾಯಿಗೆ ಎರಡು ಹಾರ್ಡ್‌ಬೋರ್ಡ್ ತುಂಡು ತಂದು, ಬಣ್ಣಕ್ಕೆ ಮುಂಚೆ ಹೊಡೆಯುವ ಪ್ರೈಮರ್ ಚಾಚಾ ಕೊಟ್ಟದ್ದು ಒಂದು ಕೈ, ಮೇಲೆ ಎರಡೆರಡು ಕೈ ಬಣ್ಣ. ಗೋಡೆಯ ಮೇಲೆ ಬಳಿದರೆ ಅದು ಅಲ್ಲೇ ಇರುತ್ತದೆ, ಬೋರ್ಡನ್ನು ಮನೆಯೆಲ್ಲ ಹೊತ್ತು ತಿರುಗಬಹುದು. ಹಸಿಯಿದ್ದಾಗ ಬಣ್ಣ ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಒಂದು ಮೆಟ್ಟಿಲು ಗಾಢವಾಗುತ್ತದೆ, ಗಾಬರಿಯಾಗಬೇಡಿ. ಒಂದು ದಿನ ಪೂರ್ತಿ ಒಣಗಲು ಬಿಟ್ಟು ಆಮೇಲೆ ಮಾತಾಡಿ.

ನಾನು ಒಂದು ವಾರ ಆ ಬೋರ್ಡುಗಳ ಜೊತೆ ಸಂಸಾರ ಮಾಡಿದೆ. ಬೆಳಿಗ್ಗೆ ಆರೂವರೆಗೆ ಮುಂದಿನ ಕೋಣೆಯಲ್ಲಿ ಹೊಸ ಜೋಳ ಗೆದ್ದಿತು. ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಕಿಟಕಿಯಾಚೆಯ ಬೇವಿನ ಮರದ ಹಸಿರು ಒಳಗೆ ಬಂದು ಹೊಸ ಜೋಳ ಕಾಯಿಲೆಯವರ ಮುಖದಂತಾಯಿತು, ಹಳೇ ಜೋಳ ಗೆದ್ದಿತು. ಸಂಜೆ ಐದಕ್ಕೆ ಪಡುವಣ ಬಿಸಿಲು ಹಾಲಿನೊಳಗೆ ನೆಲದ ಮೇಲೆ ಉದ್ದಕ್ಕೆ ಚಾಚಿದಾಗ ಎರಡೂ ಹಳೇ ಜೋಳ. ರಾತ್ರಿ ಲೈಟು ಹಾಕಿದರೆ ಎರಡೂ ಆಸ್ಪತ್ರೆ.

ರಾತ್ರಿಯದು ಲೈಟಿನ ತಪ್ಪು. ಇವರು ಮನೆಯೆಲ್ಲ ಎಲ್‌ಇಡಿ ಹಾಕಿಸಿದ್ದಾರೆ, ಡಬ್ಬದ ಮೇಲೆ 6500ಕೆ, ಅಂದರೆ ಕೆಲ್ವಿನ್, ಎಂದಿತ್ತು. ಆ ಅಂಕಿ ಹೆಚ್ಚಾದಷ್ಟು ಬೆಳಕು ನೀಲಿಯ ಕಡೆ, ಕಡಿಮೆಯಾದಷ್ಟು ಹಳದಿಯ ಕಡೆ. 3000ಕೆ ಬಲ್ಬ್ ಒಂದನ್ನು ತಂದು ಹಾಕಿದರೆ ಮದುವೆ ಛತ್ರದ ಕಳೆ ಬಂತು, ಎರಡು ಬೋರ್ಡಿಗೂ ಬೆಣ್ಣೆ ಸವರಿದಂತೆ. ನಡುವಿನ 4000ಕೆ ಸರಿಹೊಂದಿತು. ನಾಲ್ಕು ಬಲ್ಬಿಗೆ 1,280. ಬಣ್ಣ ಆರಿಸುವ ಮುಂಚೆ ರಾತ್ರಿ ಯಾವ ಲೈಟಿನಲ್ಲಿ ಇರುತ್ತೀರೋ ಅದನ್ನು ಮೊದಲು ತೀರ್ಮಾನಿಸಿ. ನಾನು ಉಲ್ಟಾ ಮಾಡಿ ನಾಲ್ಕು ರಾತ್ರಿ ಹಾಳು ಮಾಡಿಕೊಂಡೆ.

ಸಂಜೆಯ ಗುಟ್ಟು ಬಿಡಿಸಿದ್ದು ಮಗಳು. ಪಿಯುಸಿ ಪರೀಕ್ಷೆಗೆ ಓದಲು ಹಾಲಿನಲ್ಲೇ ಚಾಪೆ ಹಾಸಿಕೊಂಡಿದ್ದಳು. ಬೋರ್ಡು ಗೋಡೆಗೆ ಒರಗಿಸಿಟ್ಟಿದ್ದೆ. "ಅಮ್ಮಾ, ಚಾಪೆ ಹಾಸಿದ ಕಡೆ ಬೋರ್ಡು ಬೆಳ್ಳಗಿದೆ, ಚಾಪೆ ಇಲ್ಲದ ಕಡೆ ಕೆಂಪಗಿದೆ ನೋಡು" ಎಂದಳು. ಬಗ್ಗಿ ನೋಡಿದೆ. ಬೋರ್ಡಿನ ಕೆಳಗಿನ ಅಂಚಿನಿಂದ ಒಂದು ಗೇಣಿನಷ್ಟು ಎತ್ತರದವರೆಗೆ, ಕುಂಕುಮದ ಕೈ ತೊಳೆದ ನೀರಿನ ಬಣ್ಣ. ಮೇಲೆ ಹೋದಂತೆ ಕರಗುತ್ತಿತ್ತು. ಚಾಪೆಯನ್ನು ಎಳೆದೆ, ಅಲ್ಲೂ ಏರಿತು. ಮತ್ತೆ ಹಾಸಿದೆ, ಇಳಿಯಿತು. ನೆಲದ ಕೆಂಪು ಬಿಸಿಲನ್ನು ಹಿಡಿದು ಗೋಡೆಗೆ ಎರಚುತ್ತಿತ್ತು. ಡಬ್ಬಿಯ ಎರಡು ಹನಿ ಆಕ್ಸೈಡನ್ನು ಹಾಲಿನ ನೆಲವೇ ಹಾಕುತ್ತಿದೆ ಅಂದಮೇಲೆ ಮತ್ತೆ ಅದಕ್ಕೆ ದುಡ್ಡು ಯಾಕೆ ಕೊಡಬೇಕು? ಕೆಂಪು ಇಲ್ಲದ ಹೊಸ ಜೋಳವೇ ಹಾಲಿಗೆ ಬಂದರೆ ತಾನಾಗಿ ಹಳೇ ಜೋಳದ ಹತ್ತಿರ ಬರುತ್ತದೆ. ಹಳೇ ಜೋಳ ಹಚ್ಚಿದರೆ ಸಂಜೆಯ ಹೊತ್ತು ಗುಲಾಬಿ ಆಗಿಬಿಡುತ್ತದೆ.

ಅತ್ತೆ ಇದನ್ನು ಕೇಳಿ ಆಶ್ಚರ್ಯಪಡಲಿಲ್ಲ. ಅವರ ತವರಲ್ಲಿ ಸುಣ್ಣದ ಗೋಡೆ, ಕೆಳಗೆ ಮೊಳದೆತ್ತರ ಕೆಮ್ಮಣ್ಣಿನ ಪಟ್ಟಿ. ಸುಣ್ಣಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಹಾಕುತ್ತಿದ್ದರಂತೆ. "ಕೆಮ್ಮಣ್ಣು ಮ್ಯಾಲೆ ಏರಿ ಬರ್ತೈತಿ, ಅದಕ್ಕ ನೀಲಿ" ಎಂದರು. ಏರಿ ಬರುವುದು ಎಂದರೆ ಇದೇ ಇರಬೇಕು. ಅವರ ಅವ್ವ ನೀಲಿ ಎಷ್ಟು ಹಾಕಬೇಕೆಂಬುದನ್ನು ಕೊಡದ ನೀರಿನ ಮುಖ ನೋಡಿ ಹೇಳುತ್ತಿದ್ದರಂತೆ. ಶೇಡ್ ಕಾರ್ಡ್ ಇಲ್ಲ, ಕಂಪ್ಯೂಟರ್ ಇಲ್ಲ.

ಹೊಸ ಜೋಳ ಎಂದು ಫೆಬ್ರುವರಿ ಮೊದಲ ವಾರ ಚಾಚಾಗೆ ಹೇಳಿದೆ. ಕಾರ್ಡಿನ ಹಿಂದೆ ಬೆಳಕು ಎಷ್ಟು ತಿರುಗಿ ಬರುತ್ತದೆ ಎಂಬ ಅಂಕಿಯೂ ಇತ್ತು, ನೂರಕ್ಕೆ ಹೊಸದು 79, ಹಳೇದು 76. ಆ ಮೂರು ಅಂಕದಿಂದ ಏನೂ ಆಗುವುದಿಲ್ಲ, ಅದರ ಬೆನ್ನು ಹತ್ತಬೇಡಿ. ಸ್ಯಾಂಪಲ್ ಯಾವ ಫಿನಿಶಿನಲ್ಲಿ ತಂದಿರೋ ಅದೇ ಫಿನಿಶಿನಲ್ಲಿ ಡಬ್ಬಿಯೂ ತರಬೇಕು. ಹೊಳಪು ಬದಲಾದರೆ ಅದೇ ನಂಬರ್ ಬೇರೆ ಬಣ್ಣದಂತೆ ಕಾಣುತ್ತದೆ.

ತೀರ್ಮಾನವಾದ ತಕ್ಷಣ ಕೆಲಸ ಶುರುವಾಗಲಿಲ್ಲ. ಹಳೇ ಬಣ್ಣ ಕೆರೆಯುವಾಗ, ಗೋಡೆ ನುಣುಪಾಗಲು ಮೆತ್ತುವ ಪುಟ್ಟಿ ತಿಕ್ಕುವಾಗ ಮನೆಯೆಲ್ಲ ಹಿಟ್ಟಿನ ಗಿರಣಿಯಾಗುತ್ತದೆ. ಆಪರೇಷನ್ ಆದ ಕಣ್ಣಿಗೆ ಧೂಳು ತಾಗಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಅವರು ಹೇಳಿದ ವಾರಗಳು ಮುಗಿಯಲೆಂದು ಕಾದು, ಆಮೇಲೂ ಧೈರ್ಯ ಸಾಲದೆ ಅತ್ತೆಯನ್ನು ಸಿರುಗುಪ್ಪದ ನಾದಿನಿ ಮನೆಗೆ ಕಳಿಸಿದೆವು. ಅಷ್ಟರಲ್ಲಿ ರಂಜಾನ್ ಶುರುವಾಯಿತು. ಈ ಸಲ ಉಗಾದಿ, ಈದ್ ಎರಡೂ ಒಟ್ಟೊಟ್ಟಿಗೇ ಬಂದಿದ್ದವು. ಚಾಚಾ, ಅವರ ಇಬ್ಬರು ಹುಡುಗರು ಉಪವಾಸ. ಬೆಳಿಗ್ಗೆ ಏಳಕ್ಕೆ ಬಂದು ಎರಡಕ್ಕೆಲ್ಲ ಕೈ ತೊಳೆಯುತ್ತಿದ್ದರು. ಒಂದು ಹನಿ ನೀರು ಕುಡಿಯದೆ ಆ ಧೂಳಿನಲ್ಲಿ ಚಾವಣಿಗೆ ಮುಖ ಎತ್ತಿ ಕೆರೆಯುವವರಿಗೆ ಬೇಗ ಮುಗಿಸಿ ಎನ್ನಲು ನನ್ನ ಬಾಯಿ ಬರಲಿಲ್ಲ. ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆಯ ಮಂಗಳವಾರ ಒಬ್ಬರೂ ಬರಲಿಲ್ಲ, ನಾವೂ ಮನೆಯಲ್ಲಿರಲಿಲ್ಲ. ಒಂದು ದಿನ ಮಧ್ಯಾಹ್ನ ಗಾಳಿ ಎದ್ದು, ಕಿಟಕಿ ಹಾಕುವಷ್ಟರಲ್ಲಿ ಹಸಿ ಗೋಡೆಗೆ ಮರಳಿನ ಕಾಗದ ಅಂಟಿಸಿದಂತಾಯಿತು. ಆ ಗೋಡೆಯನ್ನು ಮತ್ತೆ ತಿಕ್ಕಿ ಬಳಿದರು. ಮಾರ್ಚಿನಲ್ಲಿ ಬಳಿಸುವವರು ಮಧ್ಯಾಹ್ನದ ಮೇಲೆ ಕಿಟಕಿ ತೆರೆದಿಡಬೇಡಿ.

ಕೂಲಿ ಚದರಡಿಗೆ 14 ರೂಪಾಯಿ, ಕೆರೆಯುವುದು, ಪುಟ್ಟಿ, ಪ್ರೈಮರ್, ಎರಡು ಕೈ ಬಣ್ಣ ಸೇರಿ. ನಮ್ಮ ಗೋಡೆಗಳು 2,400 ಚದರಡಿ, ಅಂದರೆ 33,600. ಪುಟ್ಟಿ ಪ್ರೈಮರಿಗೆ 6,200. ಬಣ್ಣ ಹತ್ತು ಲೀಟರಿನ ಡಬ್ಬಿ 4,800. ಡಬ್ಬಿಯ ಮೇಲೆ ಏನೇ ಬರೆದಿರಲಿ, ನಮ್ಮ ಗೋಡೆಗೆ ಎರಡು ಕೈಗೆ ಲೀಟರಿಗೆ ಸುಮಾರು 110 ಚದರಡಿ ಬಂತು.

ಎಡವಿದ್ದು ಇಲ್ಲಿ. ಅಂಗಡಿಯಲ್ಲಿ ಆ ದಿನ ಹತ್ತು ಲೀಟರಿನ ಬೇಸ್ ಒಂದೇ ಇತ್ತು. "ಇದನ್ನ ಒಯ್ದು ಶುರು ಮಾಡ್ರಿ, ಇನ್ನೊಂದು ಬಂದ ಕೂಡ್ಲೆ ಮಾಡಿ ಕಳಿಸ್ತೀವಿ" ಎಂದರು. ಒಪ್ಪಿದೆವು. ಮೊದಲ ಡಬ್ಬಿಯಲ್ಲಿ ಮುಂದಿನ ಕೋಣೆ, ಪಡಸಾಲೆ, ಹಾಲಿನ ಮೂರು ಗೋಡೆ ಮುಗಿದವು. ಟಿವಿ ಗೋಡೆ ಮಾತ್ರ ಬಾಕಿ. ಹಳೇ ಕಿತ್ತಳೆ ಒಂದು ಪ್ರೈಮರಿಗೆ ಜಗ್ಗದೆ ಎರಡನೇದು ಹೊಡೆದು ಒಣಗಲು ಬಿಟ್ಟಿದ್ದರು. ಅಷ್ಟರಲ್ಲಿ ಎರಡನೇ ಡಬ್ಬಿ ಬಂತು. ಟಿವಿ ಗೋಡೆಗೆ ಎರಡು ಕೈ, ಹಿಂದಿನ ಎರಡೂ ಕೋಣೆಗಳಿಗೆ ಮೊದಲ ಕೈ, ಎರಡು ದಿನದಲ್ಲಿ ಆಗಿಹೋಯಿತು. ನಾನು, ಇವರು, ಮಗಳು, ಚಾಚಾ, ಓಣಿಯಿಂದ ನೋಡಲು ಬಂದ ನಾಲ್ಕು ಜನ, ಎಲ್ಲರೂ ಚೆನ್ನಾಗಿದೆ ಎಂದೆವು.

ಧೂಳಿನ ಕೆಲಸ ಮುಗಿಯಿತೆಂದು ಅತ್ತೆಯನ್ನು ಕರೆದುಕೊಂಡು ಬಂದೆವು. ಚಹಾ ಕುಡಿಯುತ್ತ ಹಾಲಿನ ಮಂಚದ ಮೇಲೆ ಕೂತರು. ಸುಮ್ಮನೆ ನೋಡಿದರು. ಆಮೇಲೆ ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡರು. "ಯಾಕವ್ವಾ, ಈ ಗ್ವಾಡಿಗೆ ಹಳೇ ಜ್ವಾಳ ಹಚ್ಚಿಸೀಯಲ್ಲ?"

"ಹಳೇ ಕಿತ್ತಳೆ ಇನ್ನೂ ಇಣುಕ್ತಾ ಇರ್ಬೇಕು ಬಿಡ್ರಿ ಅತ್ತೀ" ಎಂದೆ. ಚಾಚಾ ಕೂಡ ಹೌದೆಂದು ತಲೆಯಾಡಿಸಿದರು. ಅತ್ತೆ ಮತ್ತೆ ಏನೂ ಅನ್ನಲಿಲ್ಲ, ಚಹಾ ಕುಡಿದರು. ನನಗೆ ಮಾತ್ರ ಕುತ್ತಿಗೆಯ ಹಿಂದೆ ತಣ್ಣಗಾಯಿತು. ಹಿಂದಿನ ಕೋಣೆಗೆ ಹೋಗಿ ಡಬ್ಬಿಯ ಮುಚ್ಚಳ ತಿರುವಿದೆ. ಬಣ್ಣದ ಕೈ ಮೆತ್ತಿದ ಸ್ಟಿಕ್ಕರನ್ನು ಉಗುರಿನಲ್ಲಿ ಕೆರೆದೆ. ಕೊನೆಯ ಅಂಕಿ ನಮ್ಮದಲ್ಲ. ನನ್ನ ಹೆಸರಿನಲ್ಲಿ ಕಂಪ್ಯೂಟರಿನೊಳಗೆ ಎರಡು ಸ್ಯಾಂಪಲ್ ನಂಬರ್ ಇದ್ದವಲ್ಲ, ಬೇರೆ ಹುಡುಗ ಇನ್ನೊಂದನ್ನು ಒತ್ತಿದ್ದ.

ಎರಡು ದಿನ ಯಾರಿಗೂ ಕಾಣದಿದ್ದುದು ಯಾಕೆಂದು ಆಮೇಲೆ ಯೋಚಿಸಿದೆ. ಮೂಲೆಯಲ್ಲಿ ಕೂಡುವ ಎರಡು ಗೋಡೆಗಳಿಗೆ ಒಂದೇ ಡಬ್ಬಿಯ ಬಣ್ಣ ಹಚ್ಚಿದರೂ ಬೆಳಕು ಬೀಳುವ ಓರೆ ಬೇರೆ, ಹಾಗಾಗಿ ಬೇರೆಯಾಗೇ ಕಾಣುತ್ತವೆ. ಕಣ್ಣು ಅದಕ್ಕೆ ಒಗ್ಗಿದೆ. ಹೊಸ ಕಣ್ಣು ಒಗ್ಗಿರಲಿಲ್ಲ.

ಮುಚ್ಚಳ ಹಿಡಿದುಕೊಂಡೇ ಅಂಗಡಿಗೆ ಹೋದೆ. ಮಾಲೀಕರು ಎರಡು ಸ್ಟಿಕ್ಕರನ್ನೂ ನೋಡಿ, "ಇದಕ್ಕೂ ಅದಕ್ಕೂ ಏನು ಫರಕ್ ಐತಿ ಅಕ್ಕಾ? ನಿಮಗೇನು ಕಾಣ್ತೈತೇನು?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ನಿಜವಾಗಿ ನನಗೆ ಕಂಡಿರಲಿಲ್ಲವಲ್ಲ. ಟಿಂಟ್ ಮಾಡಿದ್ದನ್ನು ವಾಪಸ್ ತಗೊಳ್ಳುವುದಿಲ್ಲ, ಹಾಕಿದ ಹನಿಯನ್ನು ಹೊರತೆಗೆಯಲೂ ಬರುವುದಿಲ್ಲ. ಅರ್ಧ ಗಂಟೆ ವಾದವಾದ ಮೇಲೆ, ಸರಿಯಾದ ನಂಬರಿನ ನಾಲ್ಕು ಲೀಟರ್ ಡಬ್ಬಿಯನ್ನು 1,500ಕ್ಕೆ ಕೊಟ್ಟರು. ಪುಕ್ಕಟೆ ಕೊಡಬೇಕಿತ್ತು ಎಂದು ಇವರು ಈಗಲೂ ಗೊಣಗುತ್ತಾರೆ. ನನಗೂ ಹಾಗೇ ಅನಿಸುತ್ತದೆ, ಆದರೆ ಡಬ್ಬಿ ಬಂದಾಗ ಮುಚ್ಚಳ ನೋಡದೆ ತೆಗೆದದ್ದು ನಾವು. ದಯವಿಟ್ಟು ನೀವು ನೋಡಿ. ಮೊದಲ ಡಬ್ಬಿಯ ಸ್ಟಿಕ್ಕರಿನ ಫೋಟೋ ಫೋನಿನಲ್ಲಿರಲಿ, ಮುಂದಿನ ಪ್ರತಿ ಡಬ್ಬಿಯನ್ನೂ ಅದಕ್ಕೆ ತಾಳೆ ಹಾಕದೆ ಮುಚ್ಚಳ ಎತ್ತಬೇಡಿ. ಸ್ಯಾಂಪಲ್ ಆರಿಸಿದ ಮೇಲೆ ಬೇಡದ ನಂಬರನ್ನು ನಿಮ್ಮ ಹೆಸರಿನಿಂದ ತೆಗೆಸಿಬಿಡಿ. ಆದಷ್ಟು ಎಲ್ಲ ಬಣ್ಣವನ್ನೂ ಒಂದೇ ದಿನ ಮಾಡಿಸಿ, ಡಬ್ಬಿಗಳನ್ನು ದೊಡ್ಡ ಬಕೆಟ್ಟಿನಲ್ಲಿ ಬೆರೆಸಿಕೊಂಡು ಬಳಿಸಿ. ಒಂದೇ ನಂಬರಿನ ಎರಡು ಡಬ್ಬಿಗಳೂ ಕೂದಲೆಳೆಯಷ್ಟು ಬೇರೆ ಬರಬಹುದು ಎಂದು ಚಾಚಾ ಆಮೇಲೆ ಹೇಳಿದರು. ಮೊದಲೇ ಯಾಕೆ ಹೇಳಲಿಲ್ಲ ಚಾಚಾ ಎಂದರೆ, "ನೀವು ಕೇಳಲಿಲ್ಲಲ್ರಿ" ಎಂದರು.

ಹಿಂದಿನ ಕೋಣೆಗಳ ಕತೆ ತಮಾಷೆಯದು. ಮೊದಲ ಕೈ ಹಳೇ ಜೋಳ ಆಗಿಹೋಗಿತ್ತು. ಅಲ್ಲಿ ತಾಡಪತ್ರಿಯ ಬೂದು ಕಲ್ಲು, ಕಿಟಕಿಯಲ್ಲಿ ಬೇವಿನ ಹಸಿರು, ಕೆಂಪು ಎರಚಲು ಯಾರೂ ಇಲ್ಲ. ಡಬ್ಬಿಯೊಳಗಿನ ಆ ಎರಡು ಹನಿ ಅಲ್ಲಿ ನೆಲದ ಕೆಲಸ ಮಾಡುತ್ತಿವೆ. ಹಾಲಿನಿಂದ ಎದ್ದು ಹಿಂದಿನ ಕೋಣೆಗೆ ಹೋದರೆ ಒಂದೇ ಬಣ್ಣದ ಮನೆ! ಎರಡು ಬೇರೆ ಡಬ್ಬಿ ಹಚ್ಚಿದ್ದರಿಂದಲೇ ಒಂದಾಗಿ ಕಾಣುತ್ತದೆ, ಒಂದೇ ಹಚ್ಚಿದ್ದರೆ ಎರಡಾಗುತ್ತಿತ್ತು. ಇದನ್ನು ಲೆಕ್ಕ ಹಾಕಿ ಮಾಡಿದ್ದೆಂದು ಹೇಳಿಕೊಳ್ಳಬಹುದಿತ್ತು. ಎರಡನೇ ಕೈಯನ್ನೂ ಅದರಲ್ಲೇ ಮುಗಿಸಿ ಎಂದು ಚಾಚಾಗೆ ಹೇಳಿದೆ.

ಉಳಿದದ್ದು ಟಿವಿ ಗೋಡೆ. ಹಬ್ಬ ಹತ್ತಿರ ಬಂದಿತ್ತು. ಚಾಚಾ ಲೆಕ್ಕ ಮುಗಿಸಿಕೊಂಡು ಈದಿಗೆ ಮಕ್ಕಳಿಗೆ ಬಟ್ಟೆ ತರಬೇಕಿತ್ತು. ಈಗ ಮತ್ತೆ ಟಿವಿ ಬಿಚ್ಚಿ, ಟೇಪು ಹಚ್ಚಿ, ಒಂದು ದಿನ ಎಂದರೆ ಅವರ ಮುಖ ಸಪ್ಪಗಾಯಿತು. ಇವರಂತೂ "ಅವ್ವಾ, ಟಿವಿ ನೋಡುವಾಗ ಎಡಗಣ್ಣಲ್ಲಿ ನೋಡು, ತಾಪತ್ರಯನೇ ಇಲ್ಲ" ಎಂದರು. ಅತ್ತೆ ಮಗನನ್ನು ಬೈದರು. ಆಮೇಲೆ ತಾವೇ ಅಂಗೈ ಆ ಕಣ್ಣಿಗೊಮ್ಮೆ ಈ ಕಣ್ಣಿಗೊಮ್ಮೆ ಇಟ್ಟು ಬಹಳ ಹೊತ್ತು ನೋಡಿದರು. "ಸದ್ಯಕ್ಕ ಇರ್ಲಿ ಬಿಡ್ರಿ" ಎಂದರು.

ಮೂರು ಸಂಜೆಗಳಿಂದ ನಾನು ಐದು ಗಂಟೆಗೆ ಶಾಲೆಯಿಂದ ಬಂದು ಆ ಗೋಡೆಯ ಎದುರು ಕೂರುತ್ತಿದ್ದೇನೆ. ಬಿಸಿಲು ನೆಲಕ್ಕೆ ಬಿದ್ದಾಗ ಅದು ಗುಲಾಬಿಗೆ ತಿರುಗುವುದು ಈಗ ಚೆನ್ನಾಗಿ ಕಾಣುತ್ತದೆ. ಅಂದರೆ ಕಾಣುತ್ತದೆ ಎಂದು ಗೊತ್ತಾದ ಮೇಲೆ ಕಾಣುತ್ತಿದೆ. ಮಗಳು ಚಾಪೆಯನ್ನು ಅಲ್ಲಿಗೇ ಎಳೆದುಕೊಂಡು ಓದುತ್ತಿದ್ದಾಳೆ. ನಾಲ್ಕು ಲೀಟರಿನ ಡಬ್ಬಿ ಸೀಲು ಒಡೆಯದೆ ಮೆಟ್ಟಿಲ ಕೆಳಗಿದೆ. ಅತ್ತೆಯ ಎಡಗಣ್ಣಿನ ಆಪರೇಷನ್ ಮುಂದಿನ ತಿಂಗಳು. ಪಟ್ಟಿ ಬಿಚ್ಚಿದ ಮೇಲೆ ಎರಡೂ ಕಣ್ಣಿನಿಂದ ನೋಡಿ ಹೇಳುತ್ತಾರಂತೆ.